ತೂಕದ ನಡುವೆ ಕರೆ ಬಂದಾಗ

ಪ್ರಶ್ನೆ: ನನಗೆ 43 ವರ್ಷ. ಕೊಡಗಿನ ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ 14 ವರ್ಷಗಳಿಂದ ರೈಟರ್ ಆಗಿದ್ದೇನೆ. ಚೆಕ್‌ರೋಲ್ ಎಂಬ ಹಾಜರಿ-ಕೂಲಿ ಪುಸ್ತಕ, ಹಣ್ಣಿನ ತೂಕ, ಗೊಬ್ಬರದ ದಾಸ್ತಾನು, ಇಷ್ಟು ನನ್ನ ಕೆಲಸ. ಮೂರು ವರ್ಷಗಳ ಹಿಂದೆ ಸಾಹುಕಾರರ ಮಗ ಬೆಂಗಳೂರಿನಿಂದ ಮರಳಿ ಬಂದು ಹೋಂಸ್ಟೇ ಆರಂಭಿಸಿದರು. ಅಂದಿನಿಂದ ನನ್ನ ದಿನ ನನ್ನ ಕೈಯಲ್ಲಿಲ್ಲ. ಚೆಕ್‌ರೋಲ್ ಬಿಚ್ಚಿದರೆ ಮ್ಯಾನೇಜರ್ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹತ್ತಿರ ನಿಲ್ಲಲು ಹೇಳುತ್ತಾರೆ, ಅಲ್ಲಿ ನಿಂತರೆ ಹಿರಿಯ ಸಾಹುಕಾರರು ಬ್ಯಾಂಕಿಗೆ ಕಳುಹಿಸುತ್ತಾರೆ, ಬ್ಯಾಂಕಿನಲ್ಲಿದ್ದಾಗ ಮಗ ಫೋನ್ ಮಾಡಿ ಅತಿಥಿಗಳಿಗೆ ತೋಟ ತೋರಿಸಲು ಕರೆಯುತ್ತಾರೆ. ಜನವರಿಯ ಒಂದು ಸಂಜೆ ತೂಕದ ನಡುವೆಯೇ ಅಂತಹ ಕರೆ ಬಂತು. ಮಾತು ಮುಗಿಸಿ ಬರೆಯುವಾಗ ಒಬ್ಬ ಹೆಂಗಸಿನ 86 ಕಿಲೋ ಹಣ್ಣನ್ನು 68 ಎಂದು ಬರೆದುಬಿಟ್ಟೆ. ಬಟವಾಡೆಯ ದಿನ ಅವರು ಎಲ್ಲರ ಎದುರು ಕೇಳಿದಾಗ ನೆಲ ಬಾಯಿಬಿಡಬಾರದೇ ಅನ್ನಿಸಿತು. ಈಗ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಅರ್ಧಕ್ಕೆ ಬಿಟ್ಟ ಕೆಲಸಗಳೆಲ್ಲ ಸಾಲಾಗಿ ನೆನಪಾಗುತ್ತವೆ. ಇದು ಮರೆವಿನ ಕಾಯಿಲೆಯೇ? ಕೆಲಸ ಬಿಡೋಣವೆಂದರೆ ಇರುವ ಮನೆಯೂ ತೋಟದ್ದೇ. ಏನು ಮಾಡಲಿ ಮೇಡಂ?

ಉತ್ತರ: ಮೊದಲು ಆ 18 ಕಿಲೋದ ಮಾತನ್ನು ಮುಗಿಸೋಣ. ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಎಬ್ಬಿಸುತ್ತಿರುವುದು ಅದೇ ಎಂದು ನನಗೆ ಅನ್ನಿಸುತ್ತದೆ.

ಕೊಯ್ಲಿನ ದಿನಗಳಲ್ಲಿ ನಾನೂ ಕೆಲವು ತೋಟಗಳಲ್ಲಿ ಸಂಜೆಯ ತೂಕ ನೋಡಿದ್ದೇನೆ. ಬೆಳಕು ಇಳಿಯುತ್ತಿರುತ್ತದೆ. ಚೀಲಗಳು ಸಾಲಾಗಿ ಕುಳಿತಿರುತ್ತವೆ, ಅವುಗಳ ಒಡತಿಯರು ಮನೆಗೆ ಹೋಗುವ ಆತುರದಲ್ಲಿ ನಿಂತಿರುತ್ತಾರೆ. ಮೇಸ್ತ್ರಿ ಹೆಸರು ಕೂಗುತ್ತಾರೆ, ಚೀಲ ಏರುತ್ತದೆ, ತಕ್ಕಡಿಯ ಅಂಕಿ ಒಂದೆರಡು ಕ್ಷಣ ಓಲಾಡಿ ನಿಲ್ಲುತ್ತದೆ, ರೈಟರ್ ಅದನ್ನು ಕಣ್ಣಲ್ಲಿ ಹಿಡಿದು ಪುಸ್ತಕಕ್ಕೆ ಇಳಿಸುತ್ತಾರೆ. ಕಣ್ಣಿನಿಂದ ಪೆನ್ನಿನವರೆಗಿನ ಆ ಎರಡು ಮೂರು ಸೆಕೆಂಡುಗಳ ಕಾಲ ಆ ಅಂಕಿ ನಿಮ್ಮ ತಲೆಯ ಹೊರತು ಬೇರೆಲ್ಲೂ ಇರುವುದಿಲ್ಲ. ಚೀಲ ಇಳಿದರೆ ತಕ್ಕಡಿಯಲ್ಲೂ ಇಲ್ಲ. ಸರಿಯಾಗಿ ಆ ಸಂದಿನಲ್ಲಿ ಜೇಬಿನ ಫೋನ್ ಹೊಡೆದುಕೊಂಡಿತು.

ಇಂತಹ ಹೊತ್ತಿನಲ್ಲಿ ತಲೆಯಿಂದ ಮೊದಲು ಜಾರುವುದು ಅಂಕಿಗಳಲ್ಲ, ಅವುಗಳ ಕ್ರಮ. ಅಲ್ಪಾವಧಿಯ ನೆನಪಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದು: ಎಂಟು ಉಳಿಯಿತು, ಆರು ಉಳಿಯಿತು, ಯಾವುದು ಮುಂದೆ ಎಂಬುದು ಹೋಯಿತು. ಆದ್ದರಿಂದ 86 ನಿಮ್ಮ ಕೈಯಲ್ಲಿ 68 ಆದದ್ದು ಮರೆವಿನ ಕಾಯಿಲೆಯ ಲಕ್ಷಣವಲ್ಲ. ಇಪ್ಪತ್ತೈದು ವರ್ಷದ ಹುಡುಗನನ್ನು ನಿಮ್ಮ ಜಾಗದಲ್ಲಿ ನಿಲ್ಲಿಸಿ ಅದೇ ಕ್ಷಣದಲ್ಲಿ ಫೋನ್ ಮಾಡಿದರೆ ಅವನೂ ಹಾಗೆಯೇ ಬರೆಯಬಹುದು. ಗೊತ್ತಿರುವ ದಾರಿ ತಪ್ಪುವುದು, ನಿತ್ಯ ಕಾಣುವವರ ಗುರುತು ಹತ್ತದಿರುವುದು, ಹೇಳಿದ್ದನ್ನೇ ಹೇಳುತ್ತಿರುವುದಾಗಿ ಮನೆಯವರು ದೂರುವುದು, ಇವು ಇದ್ದರೆ ನನ್ನ ಮಾತು ಬೇರೆಯಾಗುತ್ತಿತ್ತು. ನಿಮ್ಮ ಪತ್ರದಲ್ಲಿ ಅಂತಹ ಒಂದು ಸಾಲೂ ಇಲ್ಲ. ಸಮಾಧಾನಕ್ಕಾಗಿ ಒಮ್ಮೆ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ನಲವತ್ತು ದಾಟಿದ ಯಾರಿಗಾದರೂ ನಾನು ಹೇಳುವ ಮಾತು ಅದು.

ಆ ಹೆಂಗಸಿಗೆ ಬಾಕಿ ಹಣ ಸಿಕ್ಕಿದೆಯೇ ಎಂದು ನೀವು ಬರೆದಿಲ್ಲ. ಸಿಕ್ಕಿರದಿದ್ದರೆ ಈ ವಾರವೇ ಕೊಡಿಸಿ. ಕೇಳಿದ್ದು ಎಲ್ಲರ ಎದುರು, ಆದ್ದರಿಂದ ಕೊಡುವುದೂ ಎಲ್ಲರ ಎದುರೇ ಆಗಲಿ. “ತಪ್ಪು ನನ್ನದು, ಲೆಕ್ಕ ಸರಿಮಾಡಿದ್ದೇನೆ” ಎಂಬ ಒಂದು ಮಾತು ಸಾಕು. ಫೋನಿನ ಕಥೆ ಅಲ್ಲಿ ಬೇಡ. ಅದನ್ನು ಹೇಳಬೇಕಾದ ಜಾಗ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ದಿನದ ವಿಷಯ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಕೈ ಹೋದಷ್ಟು ಬೇಗ ಮನಸ್ಸು ಹೋಗುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದರ ಬಗ್ಗೆ ಬರೆದರು. ಬಿಟ್ಟುಬಂದ ಕೆಲಸದ ಒಂದು ಪಾಲು ತಲೆಯಲ್ಲೇ ಉಳಿದು ಹೊಸ ಕೆಲಸವನ್ನು ಕೆಡಿಸುತ್ತದೆ ಎಂಬುದು ಅವರ ಪ್ರಯೋಗಗಳ ತಿರುಳು. ಅವರು ಅದಕ್ಕಿಟ್ಟ ಹೆಸರನ್ನು ಕಾಫಿ ಸೀಮೆಯವಳಾದ ನಾನು ‘ಗಮನದ ಗಸಿ’ ಎಂದು ಕರೆಯುತ್ತೇನೆ. ಲೋಟ ತೊಳೆಯದೆ ಅದಕ್ಕೇ ಮತ್ತೆ ಕಾಫಿ ಸುರಿದಂತೆ. ಎರಡನೆಯದು ಎಷ್ಟೇ ಒಳ್ಳೆಯ ಡಿಕಾಕ್ಷನ್ ಇರಲಿ, ತಳದ ಗಸಿ ಬಾಯಿಗೆ ಬಂದೇ ಬರುತ್ತದೆ. ನಿಮಗೆ ದಿನಕ್ಕೆ ಎಂಟು ಹತ್ತು ಸಲ ಲೋಟ ತುಂಬುತ್ತಾರೆ, ತೊಳೆಯಲು ಬಿಡುವುದಿಲ್ಲ.

ಇನ್ನೊಂದು ಪೆಟ್ಟೂ ಇದೆ. ಪ್ರತಿ ಕೆಲಸಕ್ಕೂ ಅದರದೇ ಕಟ್ಟಳೆ ಇರುತ್ತದೆ. ಚೆಕ್‌ರೋಲ್‌ಗೆ ಒಂದು, ಪಲ್ಪರ್‌ಗೆ ಒಂದು, ಅತಿಥಿಗಳ ಮುಂದೆ ನಗುತ್ತಾ ಮೆಣಸಿನ ಬಳ್ಳಿ ತೋರಿಸುವುದಕ್ಕೆ ಇನ್ನೊಂದು. ಕೆಲಸ ಬದಲಾದಾಗಲೆಲ್ಲ ತಲೆ ಹಳೆಯ ಕಟ್ಟಳೆ ಇಳಿಸಿ ಹೊಸದನ್ನು ಏರಿಸಿಕೊಳ್ಳಬೇಕು. ಕಟ್ಟಳೆ ಹೆಚ್ಚು ತೊಡಕಿನದಾದಷ್ಟೂ ಇದಕ್ಕೆ ತಗಲುವ ಸಮಯ ಹೆಚ್ಚು ಎಂದು ರೂಬಿನ್‌ಸ್ಟೈನ್, ಮೆಯರ್ ಮತ್ತು ಇವಾನ್ಸ್ 2001ರಲ್ಲಿ ತೋರಿಸಿದರು. ಗೊಬ್ಬರದ ಚೀಲ ಎಣಿಸುವಾಗ ಕರೆದರೆ ಅಷ್ಟು ನಷ್ಟವಿಲ್ಲ. ಕೂಲಿ ಲೆಕ್ಕ ಮಾಡುವಾಗ ಕರೆದರೆ ಬಹಳ ನಷ್ಟ.

“ಇಷ್ಟು ನಷ್ಟವಾಗುತ್ತಿದ್ದರೆ ಸಾಹುಕಾರರಿಗೆ ಏಕೆ ಕಾಣುವುದಿಲ್ಲ?” ಎಂದು ನೀವು ಕೇಳಬಹುದು. ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ ಇದೇ. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಡುನಡುವೆ ಅಡ್ಡಿಪಡಿಸಲಾದವರು ಕೆಲಸವನ್ನು ತಡವಾಗಿ ಮುಗಿಸಲಿಲ್ಲ, ಬೇಗ ಮುಗಿಸಿದರು! ಕಳೆದುಹೋದ ಹೊತ್ತನ್ನು ಸರಿದೂಗಿಸಲು ಕೈ ಚುರುಕು ಮಾಡಿಕೊಂಡರು. ಆದರೆ ಅವರ ಒತ್ತಡ, ಕಿರಿಕಿರಿ, ಹೊತ್ತಿಲ್ಲವೆಂಬ ಗಾಬರಿ ಎಲ್ಲವೂ ಏರಿದ್ದವು. ಸಾಹುಕಾರರ ಕಣ್ಣಿಗೆ ಬೀಳುವುದು ಮುಗಿದ ಚೆಕ್‌ರೋಲ್, ಕಟ್ಟಿದ ಚಲನ್, ಖುಷಿಯಾದ ಅತಿಥಿಗಳು. ಬೆಲೆ ತೆರುವುದು ನಿಮ್ಮ ನಿದ್ದೆ. ಅದು ಯಾವ ಲೆಜರಿನಲ್ಲೂ ಬರುವುದಿಲ್ಲ. ಕರೆದಾಗಲೆಲ್ಲ ಓಗೊಟ್ಟು ಎಲ್ಲವನ್ನೂ ಮಾಡಿ ಮುಗಿಸುವವನಿಗೆ ಕರೆಗಳು ಹೆಚ್ಚುತ್ತಲೇ ಹೋಗುತ್ತವೆ. ನೀವು ಕೆಲಸದಲ್ಲಿ ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ಒಂದೇ ಜಾಗದಲ್ಲಿ ನೆಮ್ಮದಿಯಾಗಿ ಕುಳಿತಿರುತ್ತಿದ್ದಿರಿ.

ಹಾಗೆಂದು ಎಲ್ಲ ಕರೆಗಳೂ ಒಂದೇ ಅಲ್ಲ. ನನ್ನದೇ ಒಂದು ಅನುಭವ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಡಿಕೇರಿ ಸುತ್ತಮುತ್ತಲಿನವರು ಪರಿಹಾರ ಕೇಂದ್ರಗಳಿಗೆ ಬಂದಾಗ ನಾನೂ ಅಲ್ಲಿ ಕೆಲಸ ಮಾಡಿದೆ. ಬೆಳಿಗ್ಗೆ ಮಕ್ಕಳೊಂದಿಗೆ ಕುಳಿತಿದ್ದವಳನ್ನು ಔಷಧದ ಪಟ್ಟಿಗೆ ಕರೆಯುತ್ತಿದ್ದರು, ಅಲ್ಲಿಂದ ಕಂಬಳಿ ಹಂಚಲು, ಅಲ್ಲಿಂದ ಮಾತೇ ಬಿಟ್ಟಿದ್ದ ಒಬ್ಬ ಅಜ್ಜನ ಬಳಿಗೆ. ಎರಡು ವಾರ ಒಂದು ಕೆಲಸವನ್ನೂ ನೆಟ್ಟಗೆ ಮುಗಿಸಲಿಲ್ಲ, ಆದರೂ ರಾತ್ರಿ ಮಲಗಿದರೆ ನಿದ್ದೆ ಬರುತ್ತಿತ್ತು. ನಾನು ಮುರಿದುಬಿದ್ದದ್ದು ಎರಡು ತಿಂಗಳ ನಂತರ, ಆಗ ನಾನಿದ್ದ ಕಚೇರಿಯಲ್ಲಿ. ಬೆಳಿಗ್ಗೆ ಒಂದು ವರದಿ, ಹನ್ನೊಂದಕ್ಕೆ ಅದನ್ನು ಬದಿಗಿಟ್ಟು ಇನ್ನೊಂದು, ಮಧ್ಯಾಹ್ನ ಎರಡನ್ನೂ ಬಿಟ್ಟು ಸಭೆಯ ಕುರ್ಚಿಗಳ ಏರ್ಪಾಡು. ಶಿಬಿರದಲ್ಲಿ ನನ್ನನ್ನು ಕರೆದದ್ದು ಮಳೆ. ಕಚೇರಿಯಲ್ಲಿ ಕರೆದದ್ದು ಒಬ್ಬರ ಮುಂದಾಲೋಚನೆಯ ಕೊರತೆ.

ನಿಮ್ಮ ತೋಟದಲ್ಲೂ ಈ ಎರಡು ಬಗೆ ಇವೆ. ಕಣದಲ್ಲಿ ಕಾಫಿ ಹರಡಿರುವಾಗ ಜನವರಿಯ ಅಕಾಲ ಮಳೆ ಬಂದರೆ ಚೆಕ್‌ರೋಲ್ ಎಸೆದು ಓಡಲೇಬೇಕು, ಸಾಹುಕಾರರೂ ಓಡುತ್ತಾರೆ. ಅಂತಹ ಓಟ ಮನಸ್ಸನ್ನು ಕೆಡಿಸುವುದಿಲ್ಲ. ಆದರೆ ನಾಳೆಯೂ ಹೋಗಬಹುದಾದ ಬ್ಯಾಂಕು, ಹತ್ತು ಗಂಟೆಗೆ ಬರುವರೆಂದು ಹಿಂದಿನ ದಿನವೇ ಗೊತ್ತಿದ್ದ ಅತಿಥಿಗಳು, ಇವು ಮಳೆಯಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಸ್ವೀಡನ್ ಮತ್ತು ಅಮೆರಿಕದ ಕೆಲಸಗಾರರ ಸಮೀಕ್ಷೆಗಳನ್ನು ಹಿಡಿದು ವಾದಿಸಿದ್ದೂ ಇದಕ್ಕೆ ಹತ್ತಿರದ ಮಾತು: ಮನುಷ್ಯನನ್ನು ಹಿಂಡುವುದು ಕೆಲಸದ ಹೊರೆ ಒಂದೇ ಅಲ್ಲ, ಹೊರೆ ಹೆಚ್ಚಿದ್ದು ಅದನ್ನು ಹೇಗೆ ಹೊರಬೇಕೆಂಬ ತೀರ್ಮಾನ ತನ್ನದಲ್ಲದಿರುವುದು.

ಆದ್ದರಿಂದ ಕೆಲಸ ಕಡಿಮೆ ಮಾಡಿ ಎಂದು ಕೇಳಲು ಹೋಗಬೇಡಿ. ಸಿಗುವುದೂ ಇಲ್ಲ. ಕೈಯಲ್ಲಿರುವುದನ್ನು ಒಂದು ಹದಕ್ಕೆ ತಂದು ಇಡಲು ಬೇಕಾದ ಒಂದೆರಡು ನಿಮಿಷವನ್ನು ಕೇಳಿ, ಯಾರು ಕರೆಯಬಹುದು ಎಂಬುದನ್ನು ಇತ್ಯರ್ಥ ಮಾಡಿಸಿಕೊಳ್ಳಿ. “ಇಲ್ಲ ಎನ್ನಲು ಕಲಿಯಿರಿ” ಎಂಬ ಉಪದೇಶ ಈಗ ಎಲ್ಲ ಕಡೆ ಸಿಗುತ್ತದೆ. ತೋಟದ ಮನೆಯಲ್ಲಿ ಸಂಸಾರ ಇಟ್ಟುಕೊಂಡವರಿಗೆ ಆ ಮಾತು ಹೇಳಲು ನನಗೆ ನಾಲಗೆ ಬರುವುದಿಲ್ಲ.

ನೀವೊಬ್ಬರೇ ನಾಳೆಯಿಂದಲೇ ಮಾಡಬಹುದಾದದ್ದು ಒಂದಿದೆ. ಸಂಜೆ ಕಣದಲ್ಲಿ ಏನು ಮಾಡುತ್ತೀರಿ? ಒಣಗದ ಕಾಫಿಯನ್ನು ಹರಡಿದ ಹಾಗೆಯೇ ಬಿಟ್ಟು ಹೋಗುವುದಿಲ್ಲ. ರಾಶಿ ಮಾಡಿ, ಟಾರ್ಪಾಲ್ ಹೊದಿಸಿ, ಅಂಚಿಗೆ ಕಲ್ಲಿಟ್ಟು ಹೋಗುತ್ತೀರಿ. ಒಣಗಿಸುವುದು ಮುಗಿದಿಲ್ಲ, ಆದರೂ ರಾತ್ರಿ ಅದರ ಚಿಂತೆ ಇಲ್ಲ. ಅರ್ಧಕ್ಕೆ ಬಿಡುವ ಪ್ರತಿ ಕೆಲಸಕ್ಕೂ ಹಾಗೆಯೇ ಒಂದು ಟಾರ್ಪಾಲ್ ಹೊದಿಸಬೇಕು. ಏಳುವ ಮುನ್ನ ಎರಡು ಸಾಲು ಬರೆಯಿರಿ: ಎಲ್ಲಿ ನಿಲ್ಲಿಸಿದೆ, ಮರಳಿದಾಗ ಮೊದಲು ಕೈ ಎಲ್ಲಿಗೆ ಹೋಗಬೇಕು. ಉದಾಹರಣೆಗೆ, “ಶನಿವಾರದ ಪುಟ, 38ನೇ ಹೆಸರಿನವರೆಗೆ ಕೂಡಿದೆ. 39ರ ಎರಡನೇ ತೂಕ ಸೇರಿಸಿಲ್ಲ.” ಅಷ್ಟೇ. “ಚೆಕ್‌ರೋಲ್ ಬಾಕಿ” ಎಂದು ಬರೆದರೆ ಉಪಯೋಗವಿಲ್ಲ. ಅದು ಚಿಂತೆಯ ಹೆಸರಾಯಿತು, ಕೆಲಸದ ಗುರುತಾಗಲಿಲ್ಲ. ಲೆರಾಯ್ ಅವರೇ ಥೆರೆಸಾ ಗ್ಲೋಂಬ್ ಜೊತೆ 2018ರಲ್ಲಿ ಇದನ್ನು ಪರೀಕ್ಷಿಸಿದರು. ಹೀಗೆ ಚುಟುಕಾಗಿ ಗುರುತು ಹಾಕಿ ಎದ್ದವರಲ್ಲಿ ಗಸಿ ಕಡಿಮೆಯಾಗಿತ್ತು, ನಡುವೆ ಬಂದ ಕೆಲಸವನ್ನೂ ಅವರು ಚೆನ್ನಾಗಿ ಮಾಡಿದರು. ಅದಕ್ಕೆ ತಗಲುವುದು ಒಂದು ನಿಮಿಷ. ಚೀಟಿಗಳು ಬೇಡ, ಗಾಳಿಗೆ ಹೋಗುತ್ತವೆ. ಜೇಬಿನ ಪುಸ್ತಕದಲ್ಲಿ ಬರೆಯಿರಿ.

ಪ್ರತಿ ಕೆಲಸದಲ್ಲೂ ಬಿಟ್ಟೇಳಲು ತಕ್ಕ ಜಾಗಗಳಿರುತ್ತವೆ. ಅಡ್ಡಿ ಬಂದೇ ಬರುವುದಾದರೆ ಕೆಲಸದ ನಟ್ಟನಡುವೆ ಬರುವುದಕ್ಕಿಂತ ಇಂತಹ ಸಂದಿಯಲ್ಲಿ ಬಂದರೆ ಹಾನಿ ಕಡಿಮೆ. ತೂಕದಲ್ಲಿ ಒಬ್ಬರ ಚೀಲ ಇಳಿದು, ಅಂಕಿ ಪುಸ್ತಕಕ್ಕೆ ಇಳಿದು, ಇನ್ನೊಬ್ಬರ ಹೆಸರು ಕೂಗುವ ಮುನ್ನ ಒಂದು ಸಂದಿ ಇದೆ. ಚೆಕ್‌ರೋಲ್‌ನಲ್ಲಿ ಪುಟದ ಕೊನೆ. ಪಲ್ಪರ್‌ನಲ್ಲಿ ತೊಟ್ಟಿ ಖಾಲಿಯಾಗುವವರೆಗೆ ಸಂದಿಯೇ ಇಲ್ಲ, ಅದನ್ನು ಮ್ಯಾನೇಜರ್ ತಾವೇ ಬಲ್ಲರು. ತೂಕಕ್ಕೆ ಇನ್ನೊಂದು ಕಾವಲೂ ಇರಲಿ: ಬರೆದ ಮೇಲೆ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿ, ಚೀಲದವರು ಹೌದೆಂದ ಮೇಲೆಯೇ ಚೀಲ ಇಳಿಯಲಿ. ಅಂದು ಹಾಗೆ ಮಾಡಿದ್ದರೆ ಅಲ್ಲಿಯೇ ಆಕೆ ತಡೆಯುತ್ತಿದ್ದರು.

ಫೋನ್ ಬಂದಾಗ ಆಡಬೇಕಾದ ಮಾತು: “ಬರುತ್ತೇನೆ ಸರ್. ಈಗ ತೂಕ ನಡೆಯುತ್ತಿದೆ, ಇನ್ನು ಹನ್ನೆರಡು ಜನ ಇದ್ದಾರೆ. ಮುಗಿಸಿ ಬರಲೇ, ನಿಲ್ಲಿಸಿ ಬರಲೇ?” ಇದರಲ್ಲಿ ಎದುರುತ್ತರವಿಲ್ಲ. ಕರೆದವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಿಳಿಸಿ ತೀರ್ಮಾನವನ್ನು ಅವರಿಗೇ ಬಿಟ್ಟಂತಾಯಿತು. ಹೋಂಸ್ಟೇಯ ಅಂಗಳದಲ್ಲಿ ನಿಂತ ಮಗನಿಗೆ ನೀವು ತಕ್ಕಡಿಯ ಮುಂದಿದ್ದೀರೋ ಚಹಾ ಕುಡಿಯುತ್ತಿದ್ದೀರೋ ಕಾಣುವುದಿಲ್ಲ. ಬಹಳ ಸಲ ಉತ್ತರ “ಮುಗಿಸಿ ಬನ್ನಿ” ಎಂದೇ ಬರುತ್ತದೆ. “ನಿಲ್ಲಿಸಿ ಬನ್ನಿ” ಎಂದರೆ ನಿಲ್ಲಿಸಿ ಹೋಗಿ, ಆದರೆ ಪುಸ್ತಕದಲ್ಲಿ ಗುರುತು ಹಾಕಿ.

ಆ ಪುಸ್ತಕದಿಂದ ಇನ್ನೊಂದು ಕೆಲಸ ಆಗಬೇಕಿದೆ. ಎರಡು ವಾರ, ಕರೆ ಬಂದಾಗಲೆಲ್ಲ ಒಂದು ಸಾಲು: ಹೊತ್ತು, ಕರೆದವರು ಯಾರು, ಬಿಟ್ಟ ಕೆಲಸ ಯಾವುದು, ಮರಳಿದ್ದು ಎಷ್ಟು ಹೊತ್ತಿಗೆ. ಕೊನೆಯಲ್ಲಿ ‘ಮಳೆ’ ಅಥವಾ ‘ಮಳೆಯಲ್ಲ’. ಪ್ರಾಮಾಣಿಕವಾಗಿ ಬರೆಯಿರಿ. ಕೆಲವು ಕರೆಗಳು ನಿಜಕ್ಕೂ ಮಳೆಯೇ ಎಂದು ನಿಮಗೇ ಕಂಡೀತು. ರೈಟರ್ ಆದವರಿಗೆ ಲೆಕ್ಕ ಇಡುವುದನ್ನು ಹೇಳಿಕೊಡಬೇಕಾಗಿಲ್ಲ. ಹದಿನಾಲ್ಕು ವರ್ಷ ಎಲ್ಲರ ಲೆಕ್ಕ ಬರೆದವರು ಎರಡು ವಾರ ನಿಮ್ಮದನ್ನು ಬರೆದುಕೊಳ್ಳಿ.

ನಂತರ ಹಿರಿಯರ ಬಳಿ ಹೋಗಿ. ಹೊತ್ತು ನೋಡಿ ಹೋಗಬೇಕು. ಸ್ಪ್ರಿಂಕ್ಲರ್ ಪಂಪು ಕೆಟ್ಟ ದಿನ ಬೇಡವೇ ಬೇಡ. ಈಗ ಮಾರ್ಚ್. ಹೂಮಳೆ ಚೆನ್ನಾಗಿ ಬಿದ್ದು, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಆ ಪರಿಮಳ ಅಂಗಳದವರೆಗೂ ಬರುತ್ತಿರುವಾಗ ಹೋಗಿ. ವರ್ಷದಲ್ಲಿ ಕಾಫಿ ಬೆಳೆಗಾರರ ಮನಸ್ಸು ಅಷ್ಟು ಮೆದುವಾಗಿರುವ ಇನ್ನೊಂದು ವಾರವನ್ನು ನಾನಂತೂ ಕಂಡಿಲ್ಲ.

ಮಗನ ಮೇಲಿನ ದೂರಾಗಿ ಆರಂಭಿಸಬೇಡಿ. ಆ 18 ಕಿಲೋದಿಂದ ಆರಂಭಿಸಿ. ಫೋನಿನ ಕಥೆ ಹೇಳಬೇಕಾದ ಜಾಗ ಇದೇ. “ಹೀಗೆ ತಪ್ಪಾಯಿತು, ಸರಿಮಾಡಿದ್ದೇನೆ. ಮತ್ತೆ ಆದರೆ ತೋಟದ ತೂಕದ ಮೇಲೆ ಕೆಲಸದವರಿಗೆ ನಂಬಿಕೆ ಹೋಗುತ್ತದೆ” ಎನ್ನಿ. ಕೊಯ್ಲಿನ ಕಾಲದಲ್ಲಿ ಆಳು ಸಿಗುವುದೇ ಕಷ್ಟವಾಗಿರುವ ಜಿಲ್ಲೆಯಲ್ಲಿ ಈ ಮಾತಿನ ತೂಕ ಹಿರಿಯರಿಗೆ ಗೊತ್ತು. ಆಮೇಲೆ ಪುಸ್ತಕ ತೋರಿಸಿ ಎರಡು ಕೇಳಿ. ತೂಕದ ಹೊತ್ತಿನಲ್ಲಿ ನಿಮ್ಮ ಫೋನ್ ಮೇಸ್ತ್ರಿಯ ಕೈಯಲ್ಲಿರಲಿ, ಮಳೆಯ ಹೊರತು ಯಾರೂ ಕರೆಯದಿರಲಿ. ಎರಡನೆಯದು, ಉಳಿದ ಹೊತ್ತಿನ ಕರೆಗಳೆಲ್ಲ ಮ್ಯಾನೇಜರ್ ಮೂಲಕ ಬರಲಿ. ಮೂವರು ಯಜಮಾನರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಬ್ಬ ರೈಟರ್‌ನನ್ನು ಕರೆದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ. ಅವರಲ್ಲಿ ಯಾರೂ ಕೆಟ್ಟವರಾಗಿರಬೇಕಿಲ್ಲ. ಇನ್ನಿಬ್ಬರು ಏನು ಹೇಳಿದ್ದಾರೆಂಬುದು ಮೂವರಿಗೂ ತಿಳಿದಿರುವುದಿಲ್ಲ, ಅಷ್ಟೇ.

ಹೋಂಸ್ಟೇಯ ಬಗ್ಗೆ ಮಗನೊಂದಿಗೆ ಬೇರೆಯಾಗಿ ಮಾತಾಡಿ. ತೋಟ ಸುತ್ತಿಸುವುದನ್ನು ಬೆಳಗಿನ ಒಂದು ನಿಗದಿತ ಹೊತ್ತಿಗೆ ಇಟ್ಟರೆ ಅತಿಥಿಗಳಿಗೂ ಅನುಕೂಲ, ಬಿಸಿಲೂ ಇರುವುದಿಲ್ಲ. ಅದು ನಿಮ್ಮ ಮೂಲ ಕೆಲಸವಲ್ಲವಾದ್ದರಿಂದ ಬೇರೆ ಭತ್ಯೆ ಕೇಳಲು ಸಂಕೋಚ ಬೇಡ. ದುಡ್ಡು ಕೊಡಬೇಕಾಗಿ ಬಂದಾಗ ಕರೆಗಳು ತಾವಾಗಿಯೇ ಕಡಿಮೆಯಾಗುವುದನ್ನೂ ನಾನು ನೋಡಿದ್ದೇನೆ.

ರಾತ್ರಿಯ ವಿಷಯ. ಮುಗಿಯದ ಕೆಲಸ ಮುಗಿದದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದದ್ದು ಬಹಳ ಪ್ರಸಿದ್ಧ. ಮುಂದಿನ ಪ್ರಯೋಗಗಳಲ್ಲಿ ಅದು ಪ್ರತಿ ಸಲವೂ ನಿಲ್ಲಲಿಲ್ಲ. ಅರ್ಧಕ್ಕೆ ನಿಂತದ್ದಕ್ಕೆ ಮರಳಬೇಕೆಂಬ ತುಡಿತ ಮಾತ್ರ ಗಟ್ಟಿಯಾಗಿ ನಿಂತಿದೆ, ನಿಮ್ಮನ್ನು ಎಬ್ಬಿಸುವುದೂ ಅದೇ ಇರಬಹುದು. ಒಳ್ಳೆಯ ಸುದ್ದಿಯೆಂದರೆ ಆ ತುಡಿತವನ್ನು ತಣಿಸಲು ಕೆಲಸ ಮುಗಿಸಲೇಬೇಕೆಂದಿಲ್ಲ, ಯಾವಾಗ ಹೇಗೆ ಮಾಡುತ್ತೇನೆಂಬ ಖಚಿತ ಯೋಜನೆಯಾದರೂ ಸಾಕಾಗುತ್ತದೆ. ಮಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಇದನ್ನು ತೋರಿಸಿದರು. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದಾಗ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹತ್ತಿತು. ಪಟ್ಟಿ ವಿವರವಾಗಿದ್ದಷ್ಟೂ ಇನ್ನೂ ಬೇಗ. ಆದ್ದರಿಂದ ಊಟವಾದ ಮೇಲೆ ಜೇಬಿನ ಪುಸ್ತಕವನ್ನು ಐದು ನಿಮಿಷ ಬಿಚ್ಚಿ ನಾಳೆಯದನ್ನು ಬರೆದು, ಅದನ್ನು ಮಲಗುವ ಕೋಣೆಯ ಹೊರಗಿಡಿ. ಫೋನ್ ಕೂಡ ಅದರ ಪಕ್ಕದಲ್ಲೇ ಇರಲಿ.

ಇದೆಲ್ಲ ಮಾಡಿಯೂ ಎರಡು ಮೂರು ವಾರ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ನಿದ್ದೆಗಾಗಿ ಕುಡಿಯುವುದು ಆರಂಭವಾದರೆ, ಅಥವಾ ಬದುಕೇ ಬೇಡವೆನ್ನಿಸಿದರೆ ಒಬ್ಬರೇ ಹೊರಬೇಡಿ. ಕೊನೆಯದಕ್ಕಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು.

ಕೆಲಸ ಬಿಡುವ ಪ್ರಶ್ನೆಗೆ ಈಗಲೇ ಉತ್ತರ ಬೇಡ. ಹಿರಿಯರು ಒಪ್ಪಿದರೂ ಪರೀಕ್ಷೆ ಆಗುವುದು ಮುಂದಿನ ಕೊಯ್ಲಿನಲ್ಲಿ. ಪುತ್ತರಿ ಹಬ್ಬ ಕಳೆದು ಹಣ್ಣು ಒಟ್ಟಿಗೆ ಬರುವಾಗ ತೂಕದ ಹೊತ್ತಿಗೆ ಫೋನ್ ಹೊಡೆದುಕೊಳ್ಳುತ್ತದೆಯೇ ನೋಡಿ. ಹೊಡೆದುಕೊಂಡರೆ, ಪುಸ್ತಕ ನೋಡಿಯೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲವೆಂದಾಯಿತು. ಆಗ ಬೇರೆ ತೋಟ ಹುಡುಕುವುದರಲ್ಲಿ ತಪ್ಪಿಲ್ಲ. ತೂಕ ನೆಟ್ಟಗೆ ಬರೆಯುವ ರೈಟರ್ ಬೇಕೆನ್ನುವವರು ಸೋಮವಾರಪೇಟೆಯಿಂದ ಪೊನ್ನಂಪೇಟೆಯವರೆಗೆ ಇದ್ದಾರೆ. ಅಲ್ಲಿ ಸೇರುವ ಮುನ್ನ ಸಂಬಳ ಮತ್ತು ಮನೆಯ ಜೊತೆಗೆ ಇನ್ನೊಂದನ್ನೂ ಕೇಳಿ: ಈ ತೋಟದಲ್ಲಿ ರೈಟರ್‌ಗೆ ಕೆಲಸ ಹೇಳುವವರು ಎಷ್ಟು ಜನ?